ಕೇಳಿದವರಿಗೆ ಕೊಡದ ಕಡ್ಡಿ

ನಮ್ಮ ದೊಡ್ಡಮ್ಮ ಕಳ್ಳರನ್ನು ಸಾಕುತ್ತಾರೆ. ಕಡೂರಿನ ಅವರ ಬೀದಿಯಲ್ಲಿ ಇದೇನೂ ಗುಟ್ಟಲ್ಲ. ಕದ್ದವರಲ್ಲಿ ಒಬ್ಬರು ಹೈಸ್ಕೂಲಿನ ಹೆಡ್‌ಮೇಡಂ, ಇನ್ನೊಬ್ಬರು ಹೆಡ್ ಕಾನ್‌ಸ್ಟೇಬಲ್ಲರ ಹೆಂಡತಿ. ಕದಿಯುವುದು ಹಿತ್ತಲಿನ ಗಂಧರಾಜದ ಕಡ್ಡಿಯನ್ನು.

ಕೇಳಿ ಇಸ್ಕೊಂಡ ಕಡ್ಡಿ ಬೇರು ಬಿಡುವುದಿಲ್ಲ, ಕದ್ದದ್ದು ಮಾತ್ರ ಚಿಗುರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಆದರೆ ಎಲ್ಲರೂ ಅದನ್ನು ಅರ್ಧ ನಗುತ್ತಾ ನಂಬುತ್ತಾರೆ. ದೊಡ್ಡಮ್ಮ ನಗುವುದಿಲ್ಲ. ಯಾರಾದರೂ ಬಂದು ಗಿಡದ ಮುಂದೆ ಸುಮ್ಮನೆ ನಿಂತರೆ ಸಾಕು, "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಒಳಗೆ ಹೋಗಿ, ಕೇಳುವಂತೆ ಬಾಗಿಲು ಹಾಕಿಕೊಂಡು, ಒಂದೆರಡು ಸಲ ಕೆಮ್ಮುತ್ತಾರೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಚಾಕು ಸದಾ ಇರುತ್ತದೆ.

"ಅಡುಗೆಮನೆ ಚಾಕು ಬದನೆಕಾಯಿನೂ ಕೊಯ್ಯಲ್ಲ. ಕಳ್ಳರ ಚಾಕು ಮಾತ್ರ ತಿಂಗಳಿಗೊಂದ್ಸಲ ಸಾಣೆ ಹಿಡಿಸ್ತಾಳೆ" ಎನ್ನುವುದು ದೊಡ್ಡಪ್ಪನ ದೂರು.

ಕದಿಯಲು ಬಾರದವರ ಗತಿ? ಹೆಡ್‌ಮೇಡಂ ಪಾಪ, ಎಲ್ಲೆಲ್ಲೋ ಕೈಯಾಡಿಸುತ್ತಿದ್ದರು. ಅಡುಗೆಮನೆಯ ಕಿಟಕಿಯೊಳಗಿಂದ ದೊಡ್ಡಮ್ಮ ಗಟ್ಟಿಯಾಗಿ ಶುರುಮಾಡಿದರು: "ಏನೂಂದ್ರೆ, ಗಂಟಿನ ಕೆಳಗೆ ಓರೆಯಾಗಿ ಕೊಯ್ಬೇಕು ಕಣ್ರೀ." ಒಳಗೆ ದೊಡ್ಡಪ್ಪ ಇರಲೇ ಇಲ್ಲ, ಕೊಬ್ಬರಿ ಮಾರಲು ಪೇಟೆಗೆ ಹೋಗಿದ್ದರು.

ಇದೇ ಕಡ್ಡಿಗಾಗಿ ಮನೆಯಲ್ಲೇ ಜಗಳ ಹುಟ್ಟಿದ್ದು ಆರು ವರ್ಷದ ಹಿಂದೆ, ದೊಡ್ಡಮ್ಮನ ಮೊಮ್ಮಗಳಿಗೆ ಹೆಸರಿಟ್ಟ ದಿನ. ಊಟ ಮುಗಿಸಿ ಗಿಡದ ಮುಂದೆ ನಿಂತಿದ್ದವರು ನಾನು, ದೊಡ್ಡಮ್ಮ, ದೊಡ್ಡಪ್ಪ, ದೊಡ್ಡಪ್ಪನ ತಂಗಿ, ಆ ತಂಗಿಯ ಹೊಸ ಬೀಗರಿಬ್ಬರು. ತಂಗಿ, ಅಂದರೆ ದೊಡ್ಡಮ್ಮನ ನಾದಿನಿ, ಇರುವುದು ತರೀಕೆರೆಯಲ್ಲಿ. ಈ ಗಿಡ ನೆಟ್ಟವರು ಅವರ ತಾಯಿಯೇ, ದೊಡ್ಡಮ್ಮನ ಅತ್ತೆ. ಕೇಳಿದವರಿಗೆ ಕೊಡಬಾರದೆಂದು ಸೊಸೆಗೆ ಕಲಿಸಿದವರೂ ಅವರೇ.

ಬೀಗರ ಎದುರು ತೌರಿನ ಗತ್ತು ತೋರಿಸುವ ಆಸೆ ಯಾರಿಗಿಲ್ಲ? ನಾದಿನಿ ಬಾಯಿಬಿಟ್ಟು ಕೇಳಿಬಿಟ್ಟರು.

"ಅತ್ತಿಗೆ, ನಂಗೊಂದು ಕಡ್ಡಿ ಕೊಡಿ."

"ಕೊಡಲ್ಲ."

ಬೀಗರು ತಮ್ಮ ಚಪ್ಪಲಿ ನೋಡಿಕೊಂಡರು.

"ನಮ್ಮಮ್ಮ ಹಾಕಿದ ಗಿಡ. ಒಂದು ಕಡ್ಡಿಗೂ ಗತಿಯಿಲ್ವಾ ನಂಗೆ?"

ದೊಡ್ಡಮ್ಮ ಉತ್ತರ ಕೊಡದೆ ಒಳಗೆ ಹೋದರು, ಬಾಗಿಲು ಹಾಕಿದರು, ಕೆಮ್ಮಿದರು. ಅವರ ಲೆಕ್ಕದಲ್ಲಿ ಅದೇ ಉತ್ತರ. ಹೊರಗೆ ಬರುವಷ್ಟರಲ್ಲಿ ನಾದಿನಿ ಮೊಗ್ಗಿದ್ದ ಕೊಂಬೆಯನ್ನೇ ಬರಿಗೈಲಿ ಸಿಗಿದುಕೊಂಡು ಬೀಗರ ಜೊತೆ ಹೊರಟುಹೋಗಿದ್ದರು. ಅಲ್ಲಿಂದಾಚೆಗೆ ಮಾತಿಲ್ಲ, ಹೋಗಿ ಬರುವುದೂ ಇಲ್ಲ. ದೊಡ್ಡಮ್ಮ ಆಗಾಗ ಹೇಳುತ್ತಿದ್ದುದು ಒಂದೇ: "ಚಾಕು ಅಲ್ಲೇ ಇತ್ತಲ್ಲ."

ಆಮೇಲೆ ಬೀದಿಯ ನಲ್ಲಿಗೆ ಬೋರ್‌ವೆಲ್ ನೀರು ಬಂತು. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವಂಥ ಗಡುಸು ನೀರು. ಗಂಧರಾಜಕ್ಕೆ ಅದು ಒಗ್ಗಲಿಲ್ಲ, ಎಲೆ ಹಳದಿಯಾಯಿತು. ದೊಡ್ಡಮ್ಮ ದಿನಾ ಹುಳಿ ಮಜ್ಜಿಗೆ ಹೊಯ್ದರು. ದೊಡ್ಡಪ್ಪನ ಊಟ ಸಾರಿಗೇ ಮುಗಿಯತೊಡಗಿತು. ಆದರೂ ಈ ಬೇಸಿಗೆಯಲ್ಲಿ ಗಿಡ ಒಣಗಿತು. ಹೆಡ್‌ಮೇಡಂ ಮನೆಯದು, ಕಾನ್‌ಸ್ಟೇಬಲ್ಲರ ಮನೆಯದು ಮೊದಲೇ ಒಣಗಿದ್ದವು. ಎಲ್ಲಕ್ಕೂ ಅದೇ ನೀರು ತಾನೇ?

ದೊಡ್ಡಪ್ಪ ನರ್ಸರಿಯಿಂದ ಹೊಸದೊಂದನ್ನು ತಂದರು. ದೊಡ್ಡಮ್ಮ ಹೂವನ್ನು ಮೂಸಿ, "ವಾಸನೆ ಇದೆ. ನಮ್ಮ ಪರಿಚಯ ಇಲ್ಲ" ಎಂದು ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಅತ್ತೆ ಕೈಗೆ ಕೊಟ್ಟು ಹೋದ ಗಿಡ. ನನ್ನ ಕೈಲಿ ಹೋಯ್ತು" ಎಂದರು.

"ಅವಳು ಕಿತ್ಕೊಂಡು ಹೋದದ್ದು ತರೀಕೆರೇಲಿ ಚಿಗುರಿದೆಯಲ್ಲ, ಫೋನ್ ಮಾಡಿ ಕೇಳು" ಎಂದರು ದೊಡ್ಡಪ್ಪ.

"ಕೇಳಿದ್ರೆ ಬೇರು ಬಿಡುತ್ತಾ? ನಿಮ್ಮಮ್ಮ ಹೇಳಿದ್ದು ಮರೆತ್ರಾ?"

ಮುಂದಿನ ಭಾನುವಾರ ಅಜ್ಜಂಪುರದಲ್ಲಿದ್ದ ನನ್ನನ್ನು ಕರೆಸಿಕೊಂಡರು. ಶಿವಮೊಗ್ಗದ ಪ್ಯಾಸೆಂಜರ್ ರೈಲಿನಲ್ಲಿ ಕಡೂರಿಂದ ಇಬ್ಬರೂ ಹೊರಟೆವು. ಚೀಲದಲ್ಲಿ ಚಾಕು, ಒದ್ದೆ ಬಟ್ಟೆ. ದೊಡ್ಡಮ್ಮನ ಮೈಮೇಲೆ ಅಂಚಿನ ರೇಷ್ಮೆ ಸೀರೆ.

"ಕದಿಯೋಕೆ ಹೋಗೋರು ರೇಷ್ಮೆ ಉಡ್ತಾರಾ ದೊಡ್ಡಮ್ಮ?"

"ನಾದಿನಿ ಮನೆಗೆ ಹೋಗೋರು ಉಡ್ತಾರೆ ಕಣೇ. ಸುಮ್ನಿರು."

ತರೀಕೆರೆಯ ಆ ಬೀದಿಯ ತಿರುವಿನಲ್ಲೇ ಪರಿಮಳ ಸಿಕ್ಕಿತು. ಗೇಟು ತೆರೆದಿತ್ತು. ಗಿಡ ನನ್ನೆತ್ತರ ಬೆಳೆದು ಬೆಳ್ಳಗೆ ಹೂ ಬಿಟ್ಟಿತ್ತು. ದೊಡ್ಡಮ್ಮ ಬಗ್ಗಿದರು. ಕನ್ನಡಕ ಮರೆತಿದ್ದರಿಂದ ಗಂಟು ಕಾಣಲಿಲ್ಲ, ಬಗ್ಗಿದ ಮೇಲೆ ಮಂಡಿ ಏಳಲೊಲ್ಲದು. ಅಷ್ಟರಲ್ಲಿ ಕಿಟಕಿಯ ಪರದೆ ಸರಿದು ನಾದಿನಿಯ ಮುಖ ಕಾಣಿಸಿತು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಪರದೆ ಮತ್ತೆ ಮುಚ್ಚಿಕೊಂಡು ಒಳಗೆ ಮಿಕ್ಸಿ ಶುರುವಾಯಿತು. ನಿಂತಿತು, ಯಾರೋ ಕೆಮ್ಮಿದರು, ಮತ್ತೆ ಶುರುವಾಯಿತು. ಖಾಲಿ ಮಿಕ್ಸಿಯ ಸದ್ದು ಅಡುಗೆ ಮಾಡುವ ಯಾರಿಗೆ ಗೊತ್ತಾಗುವುದಿಲ್ಲ? ದೊಡ್ಡಮ್ಮನಿಗೂ ಗೊತ್ತಾಯಿತು. ತಲೆಯೆತ್ತದೆ ಎರಡು ಕಡ್ಡಿ ಕೊಯ್ದರು.

ಏಳಲು ಕೈಯೂರಿದಾಗ ಬುಡದ ಕಲ್ಲಿನ ಮೇಲೆ ಏನೋ ತಗುಲಿತು. ಒಂದು ಚಾಕು. ಎಷ್ಟೋ ಮಳೆಗಾಲ ಅಲ್ಲೇ ಇದ್ದುದಕ್ಕೆ ಪೂರಾ ತುಕ್ಕು ಹಿಡಿದಿತ್ತು. ದೊಡ್ಡಮ್ಮ ಅದನ್ನು ರೇಷ್ಮೆ ಸೆರಗಿನಲ್ಲಿ ಒರೆಸಿದರು, ಚೀಲಕ್ಕೆ ಹಾಕಿಕೊಂಡರು. ತಮ್ಮ ಸಾಣೆಯ ಚಾಕು ಆ ಜಾಗದಲ್ಲಿಟ್ಟರು. ರೈಲಿನಲ್ಲಿ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

ಮನೆಗೆ ಬಂದರೆ ದೊಡ್ಡಪ್ಪ ಪೇಪರಿನಿಂದ ಕಣ್ಣು ತೆಗೆಯದೆ ಕೇಳಿದರು: "ಮಿಕ್ಸಿ ಎಷ್ಟು ಹೊತ್ತು ಓಡಿಸಿದ್ಲು?"

ಎರಡರಲ್ಲಿ ಒಂದು ಕಡ್ಡಿ ಬದುಕಿತು. ಶ್ರಾವಣದ ಒಂದು ಬೆಳಗ್ಗೆ ಅದಕ್ಕೆ ನಾಲ್ಕು ಎಲೆ ಇದ್ದಾಗ ಗೇಟಿನ ಸದ್ದಾಯಿತು. ನಾದಿನಿ ಆಟೋದಿಂದ ಒಂದು ಕ್ಯಾನ್ ಇಳಿಸಿಕೊಂಡು ಬಂದರು. ತರೀಕೆರೆಯ ಅವರ ಮನೆ ಬಾವಿಯ ನೀರು. ಯಾರನ್ನೂ ಕೇಳದೆ ಹಿತ್ತಲಿಗೆ ಹೋಗಿ ಒಂದು ಚೊಂಬು ನೀರನ್ನು ಗಿಡದ ಬುಡಕ್ಕೆ ಹೊಯ್ದರು. ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋದರು. ಬಾಗಿಲು ಹಾಕಲಿಲ್ಲ.

"ತಿಂಡಿ ಆಯ್ತಾ?" ಎಂದು ಒಳಗಿಂದ ಕೇಳಿದರು.

"ಇಲ್ಲ ಅತ್ತಿಗೆ" ಎಂದು ನಾದಿನಿ ಒಳಗೆ ಹೋದರು.