ಶಂಕುವರ್ಮನ ಅಡಿಗಲ್ಲುಗಳು

ಬಹಳ ಹಿಂದೆ, ಮಳೆ ಬೆಳೆ ಏನು ತಪ್ಪಿದರೂ ಶಂಕುಸ್ಥಾಪನೆ ಮಾತ್ರ ತಪ್ಪದ ಕಾಲದಲ್ಲಿ, ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಶಂಕುವರ್ಮರು ಆಳುತ್ತಿದ್ದರು. ಉಪಾಹಾರಕ್ಕೆ ಮುನ್ನ ಒಂದಾದರೂ ಅಡಿಗಲ್ಲು ಇಡದಿದ್ದರೆ ಪ್ರಭುಗಳಿಗೆ ಹೊಟ್ಟೆಯುಬ್ಬರ ಬರುತ್ತಿತ್ತೆಂದು ಆಸ್ಥಾನ ವೈದ್ಯರ ಪತ್ರಿಕಾ ಪ್ರಕಟಣೆಯಲ್ಲಿದೆ.

ಆ ರಾಜ್ಯದ ಅಂಚಿನ ಕವಣೆದೊಡ್ಡಿಯಲ್ಲಿ ಕ್ರೈಸ್ತ ರೈತರ ಅರವತ್ತು ಮನೆಗಳಿದ್ದವು, ಚರ್ಚು ಇರಲಿಲ್ಲ. ಭಾನುವಾರದ ಪೂಜೆಗೆ ಹೊಳೆ ದಾಟಿ ಎರಡು ಹರದಾರಿ ನಡೆಯಬೇಕು. ಹಿಂತಿರುಗುವಾಗ ತಲೆಗೊಂದರಂತೆ ಹೊಳೆಗಲ್ಲು ಹೊತ್ತು ತರುವುದು ಊರ ಕಟ್ಟಳೆ. ಬರಿಗೈಯಲ್ಲಿ ಬಂದವರಿಗೆ ಮನೆಯಲ್ಲಿ ಸಾರು ಬಡಿಸುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಚರ್ಚಿಗಾಗುವಷ್ಟು ಕಲ್ಲು ಸೇರಿತು. ಮಂಡಿ ಹಿಡಿದುಕೊಂಡಿದ್ದ ಮುದುಕಿ ಆರೋಗ್ಯಮ್ಮನಿಗಂತೂ ಸ್ವಂತ ಊರಿನಲ್ಲೇ ಒಂದು ಪೂಜೆ ಕಂಡು ಕಣ್ಣು ಮುಚ್ಚುವ ಆಸೆ.

ಅಷ್ಟರಲ್ಲಿ ಡಂಗುರ ಬಂತು: "ಅರಸರ ಅಡಿಗಲ್ಲಿಲ್ಲದ ಕಟ್ಟಡ ರಾಜದ್ರೋಹ!" ಊರ ಹಿರಿಯ ಚೌರಪ್ಪ ಅರ್ಜಿ ಹಾಕಿದ. ಪ್ರಭುಗಳು ದಯಮಾಡಿಸಿದರು. ಅವರ ವೇದಿಕೆಗೂ ರಥದ ಪಾರ್ಕಿಂಗಿಗೂ ಹೊಳೆಗಲ್ಲೆಲ್ಲ ಮುಗಿದುಹೋಯಿತು.

"ಪ್ರಭೂ, ತಾವು ಮುಟ್ಟಿದ ಕಲ್ಲೇ ಕಟ್ಟಡ, ಮಿಕ್ಕಿದ್ದು ಬರೀ ಅಲಂಕಾರ," ಎಂದ ಶಿಲಾನ್ಯಾಸ ಮಂತ್ರಿ ಸ್ತುತಿಧರ.

"ಬುದ್ಧೀ, ಇನ್ನು ಗ್ವಾಡೆ ಎತ್ಕೊಳ್ಳಾವಾ?" ಎಂದ ಚೌರಪ್ಪ.

"ಆತುರ ಬೇಡಯ್ಯ, ಯುವರಾಜರದು ಬಾಕಿ ಇದೆ," ಎಂದ ಮಂತ್ರಿ.

ಯುವರಾಜರು ಇಟ್ಟರು. ರಾಣಿಯವರು ಇಟ್ಟರು, ಅವರ ತಮ್ಮ ಎರಡು ಸಲ ಇಟ್ಟ. ಸಂಪುಟ ಪುನಾರಚನೆಯಾದಾಗಲೆಲ್ಲ ಹೊಸ ಮಂತ್ರಿಗಳು ಬಂದು ಹೊಸದಾಗಿ ಇಟ್ಟರು. ಆರು ವರ್ಷದಲ್ಲಿ ಕವಣೆದೊಡ್ಡಿಯ ಬಯಲಿನಲ್ಲಿ ಇನ್ನೂರು ಚಪ್ಪಡಿಗಳಾದವು. ಪ್ರತಿಯೊಂದರ ಮೇಲೂ ಪ್ರಭುಗಳ ಘನ ಉಪಸ್ಥಿತಿ ಕೆತ್ತಿತ್ತು.

"ಚೌರಪ್ಪಣ್ಣ, ಇಷ್ಟೊಂದು ಚಪ್ಪಡಿ ಸುಮ್ಕೆ ಬಿದ್ದವೆ. ಹೆಸ್ರು ಒಳೀಕ್ ಮಾಡಿ ಜೋಡಿಸಿದ್ರೆ ಗ್ವಾಡೆ ಆಗಾಕಿಲ್ವಾ?" ಎಂದಳು ಆರೋಗ್ಯಮ್ಮ.

ಅಡಿಗಲ್ಲನ್ನು ಒಡೆಯಬಾರದೆಂದು ಕಾನೂನಿತ್ತು, ಒಂದರ ಮೇಲೊಂದು ಇಡಬಾರದೆಂದು ಇರಲಿಲ್ಲ. ಊರಿಗೆ ಊರೇ ದುಡಿದು ಒಂದೇ ಬೇಸಿಗೆಯಲ್ಲಿ ಚರ್ಚು ಎಬ್ಬಿಸಿತು. ಪೂಜೆಗೆ ಹೊಳೆಯಾಚೆಯ ಚರ್ಚಿನ ಸ್ವಾಮಿಗಳು ಬರುವ ಭಾನುವಾರವೂ ಗೊತ್ತಾಯಿತು. ಆರೋಗ್ಯಮ್ಮ ಹೊಸ ಸೀರೆ ತೆಗೆದಿಟ್ಟಳು.

ಆ ವಾರದ ಬುಧವಾರ ಇನ್ನೂರ ಒಂದನೆಯ ಅಡಿಗಲ್ಲಿಗೆಂದು ಪ್ರಭುಗಳೇ ಬಂದುಬಿಟ್ಟರು. ಒಳಗೆ ಹೊಕ್ಕು ನೋಡಿದರೆ ನಾಲ್ಕು ಗೋಡೆಗೂ ತಮ್ಮದೇ ಹೆಸರು! ಊರವರು ಗಡಗಡ ನಡುಗಿದರು. ಪ್ರಭುಗಳು ಗಳಗಳನೆ ಅತ್ತರು.

"ಇಂಥ ಭಕ್ತಿ! ಮಂತ್ರಿಗಳೇ, ನಾವು ಬದುಕಿರುವಾಗಲೇ!"

"ಪ್ರಭೂ, ಇದು ಚರ್ಚಲ್ಲ, ರಾಷ್ಟ್ರೀಯ ಅಡಿಗಲ್ಲು ವಸ್ತುಸಂಗ್ರಹಾಲಯ!" ಎಂದ ಸ್ತುತಿಧರ.

ಹಾಗೆಂದು ಸ್ಥಳದಲ್ಲೇ ಆಜ್ಞೆಯಾಯಿತು. ಶಿಲುಬೆ ನಿಲ್ಲಬೇಕಿದ್ದ ನೆತ್ತಿಯ ಮೇಲೆ ಕಲ್ಲಿನ ಕಿರೀಟ ಕೂತಿತು. ಬಾಗಿಲಿಗೆ ಕಾವಲುಗಾರ ಬಂದ, ಪ್ರವೇಶಕ್ಕೆ ಟಿಕೆಟ್ ಬಂತು. ಕಟ್ಟಿದವರಿಗೂ ರಿಯಾಯಿತಿ ಇರಲಿಲ್ಲ.

ಭಾನುವಾರ ಆರೋಗ್ಯಮ್ಮ ಹೊಸ ಸೀರೆಯುಟ್ಟು, ಶನಿವಾರವೇ ಕೊಂಡಿದ್ದ ಟಿಕೆಟ್ ಹಿಡಿದು ಬಂದಳು. ಬಾಗಿಲಿಗೆ ಬೀಗ.

"ಭಾನುವಾರ ಸರ್ಕಾರಿ ರಜೆ ಅಜ್ಜಿ, ನಾಳೆ ಬಾ," ಎಂದ ಕಾವಲುಗಾರ.

"ನಾಳೆ ಬಂದು ನಿನ್ ರಾಜನ್ ಹೆಸ್ರು ಓದ್ಲಾ? ನಂಗೆ ಓದಾಕೂ ಬರಾಕಿಲ್ಲ ಕಣಪ್ಪ," ಎಂದಳು ಆರೋಗ್ಯಮ್ಮ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಚೌರಪ್ಪನ ಹೆಗಲು ಹಿಡಿದು ಅವಳು ಎರಡು ಹರದಾರಿ ನಡೆದು ಪೂಜೆ ಕಂಡಳು. ಬರುವಾಗ ಹೊಳೆಯಲ್ಲಿ ಮಂಡಿ ಒತ್ತಿಕೊಂಡು ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಬರಿಗೈಯಲ್ಲಿ ಹೋದರೆ ಮನೆಯಲ್ಲಿ ಸಾರು ಬಡಿಸುವುದಿಲ್ಲವಲ್ಲ.