ರುಚಿ ನೋಡಾಕ ಮಾತ್ರ

ದೀನಾ ಕರುಣೆಯಿಲ್ಲದ ಹೆಂಗಸು. ಇದು ಅವಳ ಗಂಡ ಬೆಂಜಮಿನ್‌ನ ತೀರ್ಪು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಮಿಶನ್ ಶಾಲೆಯಲ್ಲಿ ಗಣಿತ ಕಲಿಸುವಾಗ ಒಂದೇ ಅಂಕಕ್ಕೆ ಸ್ವಂತ ತಮ್ಮನ ಮಗನನ್ನು ಫೇಲು ಮಾಡಿದವಳು. ಬೆಂಜಮಿನ್‌ನ ಕಿಡ್ನಿಗಳು ಕೈಕೊಡುತ್ತಿವೆ, ಉಪ್ಪು ಮುಟ್ಟಕೂಡದು ಎಂದು ಡಾಕ್ಟರು ಹೇಳಿದ ದಿನವೇ ಮನೆಯ ಉಪ್ಪನ್ನು ಭರಣಿ ಸಮೇತ ನೆರೆಮನೆಗೆ ಕೊಟ್ಟುಬಿಟ್ಟಳು. (ಭರಣಿ ಅವನ ತಾಯಿಯದು. ಉಪ್ಪಿಗಿಂತ ಭರಣಿ ಹೋದದ್ದೇ ಹೆಚ್ಚಿನ ದುಃಖವೆಂದು ಅವನು ಹೇಳಿಕೊಳ್ಳುತ್ತಿದ್ದ. ಸುಳ್ಳು.) ಅಂದಿನಿಂದ ಅವನ ತಟ್ಟೆಗೆ ಬೀಳುವ ಬದನೆಕಾಯಿ ಪಲ್ಯಕ್ಕೂ ಒದ್ದೆ ಕಾಗದಕ್ಕೂ ವ್ಯತ್ಯಾಸ ಬಣ್ಣದಲ್ಲಿ ಮಾತ್ರ.

ಶನಿವಾರ ಸಂಜೆ ಆಸ್ಪತ್ರೆಯಿಂದ ಫೋನು ಬಂತು. ದೀನಾ ಅದನ್ನು ಹಿತ್ತಲಿಗೆ ಒಯ್ದು ಮಾತಾಡಿದಳು.

“ರಿಪೋರ್ಟ್ ಏನಾತು?”

“ಇನ್ನೂ ಬಂದಿಲ್ಲಂತ. ಉಣ್ರಿ.”

ಉಣ್ಣುವಾಗಲೇ ಬೆಂಜಮಿನ್‌ಗೆ ಆ ಮಹಾಯೋಜನೆ ಹೊಳೆದದ್ದು. ಕೇಶ್ವಾಪುರದಲ್ಲಿ ಭಾನುವಾರ ರೈತರ ಸಂತೆ. ಅಲ್ಲಿ ಕೊಳ್ಳುವ ಮೊದಲು ರುಚಿ ನೋಡಲು ಕೊಡುವುದು ವಾಡಿಕೆ: ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಬೆಣ್ಣೆ. ರುಚಿ ನೋಡುವುದು ಊಟವಲ್ಲ. ಊಟವಲ್ಲದ ಇಂಥ ಹತ್ತಾರು ಚೂರು ಸೇರಿದರೆ ಒಂದು ಊಟ.

ಮರುದಿನ ಇಬ್ಬರೂ ಚರ್ಚಿನಿಂದ ನೇರ ಸಂತೆಗೆ ಹೋದರು. ದೀನಾ ಸೊಪ್ಪಿನವನ ಹತ್ತಿರ ನಿಂತಳು. ಬೆಂಜಮಿನ್ ದಿಗ್ವಿಜಯಕ್ಕೆ ಹೊರಟ. ಮೊದಲನೆಯದು ಅಂಬರೀಷನ ಉಪ್ಪಿನಕಾಯಿ ಅಂಗಡಿ. ಅಂಬರೀಷ ಇವನ ಮುಖ ನೋಡಿದವನೇ ತಟ್ಟೆಗೆ ಮುಚ್ಚಳ ಹಾಕಿದ.

“ಒಂದ ಹೋಳು ಕೊಡಪಾ, ರುಚಿ ನೋಡಾಕ.”

“ಆಗೂದಿಲ್ರಿ ಕಾಕಾ. ಹೋದ ವಾರ ಟೀಚರ್ ಬಾಯಾರು ನಿಮ್ಮ ಫೋಟೋ ತೋರ್ಸಿ ಹೋಗ್ಯಾರ.”

“ನನ್ನ ಫೋಟೋ? ನಾ ಏನ್ ಕಳ್ಳ ಅದೀನೇನು?”

“ಅದನ್ನ ಅವರಿಗೇ ಕೇಳ್ರಿ. ನನಗ ಗಣಿತ ಕಲಿಸಿದವ್ರು ಅವ್ರು. ಇನ್ನೂ ಅಂಜಿಕಿ ಐತಿ.”

ಹಪ್ಪಳದವನು ಡಬ್ಬಿ ಮುಚ್ಚಿದ. ಬೆಣ್ಣೆಯವಳು ಬೆನ್ನು ತಿರುಗಿಸಿದಳು. ಯೋಜನೆ ಅವನಿಗೆ ಹೊಳೆಯುವುದಕ್ಕೆ ಒಂದು ವಾರ ಮೊದಲೇ ದೀನಾಗೆ ಹೊಳೆದಿತ್ತು. ಕೊನೆಗೆ ಉಳಿದದ್ದು ಉಪ್ಪಿನಬೆಟಗೇರಿಯ ಕಾಶೀಬಾಯಿ. ಅವಳ ಮುಂದೆ ಖಡಕ್ ರೊಟ್ಟಿಯ ಅಟ್ಟಿ. ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ ಅರೆದ ರಂಜಕ, ಉಪ್ಪು ಎಣ್ಣೆಗಳಲ್ಲಿ ಹೊಳೆಯುತ್ತಿತ್ತು.

“ನಿಮಗ ಕೊಟ್ರ ಅಂಗಡಿ ಬಂದ್ ಮಾಡಸ್ತೇನಂದಾರ್ರಿ ಅಕ್ಕಾರು.”

“ಬಂದ್ ಮಾಡ್ಸಾಕ ಆಕಿ ಏನ್ ಕಲೆಕ್ಟರ್ ಅದಾಳೇನು?”

“ಕೊಡು ಕಾಶೀಬಾಯಿ,” ಎಂದಿತು ಹಿಂದಿನಿಂದ ದೀನಾಳ ದನಿ.

ಕಾಶೀಬಾಯಿ ಕೊಡುವ ಮೊದಲೇ ದೀನಾ ತಾನೇ ರೊಟ್ಟಿ ಮುರಿದು, ರಂಜಕದಲ್ಲಿ ಧಾರಾಳವಾಗಿ ಅದ್ದಿ ಗಂಡನ ಕೈಗಿಟ್ಟಳು. ಬೆಂಜಮಿನ್ ಗೆದ್ದವನ ಗತ್ತಿನಿಂದ ಬಾಯಿಗೆ ಹಾಕಿಕೊಂಡ. ಉಪ್ಪು ನಾಲಿಗೆಗೆ ತಾಗಿತು. ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಅಗಿಯುತ್ತಿರುವಾಗ ನಿನ್ನೆಯ ಫೋನು ನೆನಪಾಯಿತು. ಒಂದು ಅಂಕವನ್ನೂ ಬಿಟ್ಟುಕೊಡದ ಹೆಂಗಸು ಇವಳು.

“ರಿಪೋರ್ಟ್ ಬಂದೈತಿ, ಹೌದಿಲ್ಲೋ?”

ದೀನಾ ರೊಟ್ಟಿಯನ್ನೇ ನೋಡುತ್ತಿದ್ದಳು. “ಬಂದೈತಿ.”

“ಹಂಗಾರ ಉಪ್ಪು?”

“ಇನ್ನ ಬಿಟ್ರೂ ಅಷ್ಟ, ತಿಂದ್ರೂ ಅಷ್ಟ ಅಂದ್ರು.”

“ನನಗ ಇದು ಬ್ಯಾಡ,” ಎಂದ ಬೆಂಜಮಿನ್. “ಮನೀಗೆ ನಡಿ. ನಿನ್ನ ಸಪ್ಪನ್ನ ಪಲ್ಯಾನ ಹಾಕು.”

“ಸುಮ್ಮನ ತಿನ್ರಿ,” ಎಂದಳು ದೀನಾ, ಫೇಲಾದ ಹುಡುಗನಿಗೆ ಹೇಳುತ್ತಿದ್ದ ದನಿಯಲ್ಲೇ. ಅವನ ಗದ್ದಕ್ಕೆ ಹತ್ತಿದ ರಂಜಕವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಇನ್ನೊಂದು ತುಂಡು ಮುರಿದು, ಅದ್ದಿ, ಅಷ್ಟು ಜನರ ನಡುವೆ ಅವನ ಬಾಯಿಯ ಹತ್ತಿರ ಹಿಡಿದು ನಿಂತಳು.