ಬಿಟ್ಟ ಸ್ಥಳ ಬಿಡದ ಮಾಮಾ

ನಮ್ಮ ಮಾಮಾ ಹಾವಿಗೆ ಹೆದರುವುದಿಲ್ಲ, ಮಾಮಿಗೂ ಹೆದರುವುದಿಲ್ಲ. ಅವರು ಹೆದರುವುದು ಅರ್ಜಿಯಲ್ಲಿನ ಖಾಲಿ ಚೌಕಕ್ಕೆ! ರಾಯಬಾಗದ ಕಡೆ ಶಾಲಾ ಮಾಸ್ತರರಾಗಿ 'ಬಿಟ್ಟ ಸ್ಥಳ ತುಂಬಿರಿ' ಎಂದು ಹೇಳಿ ಹೇಳಿ, ನಿವೃತ್ತರಾದ ಮೇಲೂ ಕಂಡ ಬಿಟ್ಟ ಸ್ಥಳವನ್ನೆಲ್ಲ ತುಂಬುತ್ತಾರೆ. ಒಮ್ಮೆ ಯಾವುದೋ ಅರ್ಜಿಯಲ್ಲಿ 'ವಾಹನವಿದ್ದರೆ ಅದರ ನಂಬರ್' ಎಂದಿತ್ತು. ಮಾಮಾನ ಹತ್ತಿರ ಸೈಕಲ್ಲೂ ಇಲ್ಲ. ಚಿಕ್ಕೋಡಿ ಬಸ್ಸಿನ ನಂಬರ್ ಬರೆದುಕೊಟ್ಟರು!

"ಮಾಮಾ, ಅದು ಸರ್ಕಾರದ ಬಸ್ ಐತಿ!"

"ದಿನಾ ಅದರಾಗ ಕುಂಡ್ರಾಂವ ನಾನೋ, ಸರ್ಕಾರನೋ?"

ಇಂಥವರ ಮಾತು ಕೇಳಿ ನಾನು ಕೆಟ್ಟೆ. ಚಿಕ್ಕೋಡಿಯ ಒಂದು ಸಣ್ಣ ಆಸ್ಪತ್ರೆಗೆ ರೋಗಿಗಳ ವಿವರ ಇಡುವ ಡೇಟಾಬೇಸ್ ಮಾಡಿಕೊಡುತ್ತಿದ್ದೆ. 'ಯಾವ ಔಷಧ ಒಗ್ಗುವುದಿಲ್ಲ?' ಎಂಬ ಕಾಲಂ ಖಾಲಿ ಬಿಡಲು ಅವಕಾಶ ಕೊಡಬೇಕೇ, ಬೇಡವೇ? ಇಂಥ ಖಾಲಿಗೆ ನಾವು ಕಂಪ್ಯೂಟರಿನವರು 'ನಲ್' ಎನ್ನುತ್ತೇವೆ. ಅದು ಸೊನ್ನೆಯಲ್ಲ, 'ಇಲ್ಲ'ವೂ ಅಲ್ಲ. 'ಇನ್ನೂ ಗೊತ್ತಿಲ್ಲ', ಅಷ್ಟೇ. ಬೆನ್ನ ಹಿಂದೆ ನಿಂತಿದ್ದ ಮಾಮಾ ಗುಡುಗಿದರು: "ಖಾಲಿ ಬಿಟ್ಟಾಂವ ನಾಪಾಸ್! ಕಡ್ಡಾಯ ಮಾಡು ಲೇ!"

ಮಾಡಿದೆ. ಇನ್ನು ತುಂಬದೆ ಮುಂದೆ ಹೋಗುವಂತಿಲ್ಲ!

ಮುಂದೆ ಒಂದು ದಿನ ಮಾಮಿಗೇ ಜ್ವರ ಏರಿತು. ಅದೇ ಆಸ್ಪತ್ರೆಗೆ ಕರೆದೊಯ್ದೆವು. ಕೌಂಟರಿನಲ್ಲಿ ಆ ಪ್ರಶ್ನೆ ಬಂದಾಗ ಮಾಮಾ ಹೆಂಡತಿಯ ಮುಖವನ್ನೂ ನೋಡದೆ, "ಇಲ್ಲ ಅಂತ ಬರ್ಕೋರಿ" ಎಂದರು. ಚೌಕ ತುಂಬಿತು.

ಪುಣ್ಯಕ್ಕೆ, ಸಿರಿಂಜು ಹಿಡಿದು ಬಂದ ಸಿಸ್ಟರ್ ಕಂಪ್ಯೂಟರಿಗಿಂತ ಮನುಷ್ಯರ ಬಾಯಿಯನ್ನು ಹೆಚ್ಚು ನಂಬುವವರು. "ಅಮ್ಮಾರ, ಹಿಂದ ಯಾವುದಾರ ಇಂಜೆಕ್ಷನ್ ಆಗಿಬಂದಿಲ್ಲೇನ್ರಿ?"

"ಸಣ್ಣಾಕಿ ಇದ್ದಾಗ ಮಂಗಸೂಳಿ ದವಾಖಾನ್ಯಾಗ ಪೆನ್ಸಿಲಿನ್ ಕೊಟ್ಟಿದ್ರವ್ವಾ. ಮಾರಿ ಎಲ್ಲಾ ಬಾತು, ಉಸರ ಸಿಕ್ಕಿದ್ದಿಲ್ಲ."

ಸಿಸ್ಟರ್ ತಮ್ಮ ಕೈಯಲ್ಲಿದ್ದ ಸಿರಿಂಜನ್ನು ನೋಡಿದರು. ಅದೇ ಜಾತಿಯ ಔಷಧ! ಮೆಲ್ಲಗೆ ತಟ್ಟೆಯಲ್ಲಿಟ್ಟರು.

ಡಾಕ್ಟರು ಬೇರೆ ಔಷಧ ಕೊಟ್ಟರು. ಸಂಜೆಗೆ ಮಾಮಿಯ ಜ್ವರ ಇಳಿಯಿತು, ನನಗೆ ಹೋದ ಜೀವ ಬಂತು. ಅಲ್ಲೇ ಕೌಂಟರಿನ ಕಂಪ್ಯೂಟರಿನ ಮುಂದೆ ಕುಳಿತು ಆ ಕಾಲಂ ಖಾಲಿ ಬಿಡಲು ಅವಕಾಶ ಕೊಟ್ಟೆ. ಖಾಲಿ ಇದ್ದರೆ 'ರೋಗಿಯನ್ನು ಕೇಳಿರಿ' ಎಂದು ಕೆಂಪಕ್ಷರ ಬರುವಂತೆಯೂ ಮಾಡಿದೆ.

ಮಾಮಾ ಬಗ್ಗಿ ಆ ಕೆಂಪಕ್ಷರ ಓದಿದರು. "ಖಾಲಿ ಬಿಟ್ಟಿದ್ರ ಯಾರಾರ ಕೇಳ್ತಿದ್ರು. ನಾ ತುಂಬಿ ಎಲ್ಲಾರ ಬಾಯಿ ಮುಚ್ಚಿಸಿದ್ನಿ."

ಆಮೇಲೆ ಸ್ಟೂಲ್ ಎಳೆದುಕೊಂಡು ಮಾಮಿಯ ಮಂಚದ ಹತ್ತಿರ ಕುಳಿತರು. "ಮತ್ತೇನೇನ ಆಗಿಬರಂಗಿಲ್ಲ ನಿನಗ? ಎಲ್ಲಾ ಹೇಳು."

ಮಾಮಿ ನಾಚಿದರು. "ಚಾದಾಗ ಯಾಲಕ್ಕಿ ಸೇರಂಗಿಲ್ರಿ."

ಮದುವೆಯಾದಾಗಿನಿಂದ ಬೆಳಗಿನ ಚಹಾ ಮಾಡುವವರು ಮಾಮಾ. ತಪ್ಪದೆ ಎರಡು ಯಾಲಕ್ಕಿ ಜಜ್ಜಿ ಹಾಕುವವರು!

"ಮತ್ತ ಇಷ್ಟ ವರ್ಷ ಯಾಕ ಕುಡದಿ?"

"ನೀವು ಮಾಡಿದ್ದಲ್ಲೇನ್ರಿ, ಅದಕ್ಕ."

ಮಾಮಾ ಕೈ ಚಾಚಿ ಮಾಮಿಯ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು.